ಪಿಗ್ಮಿ ಆ್ಯಪ್ ಒಂದನ್ನು ಕ್ಲೌಡ್‌ನಲ್ಲಿ ಟೆಸ್ಟ್ ಮಾಡುವುದು ಹೇಗೆ?

"ಕ್ಲೌಡ್‌ನಲ್ಲಿ ಟೆಸ್ಟ್ ಮಾಡಿ" ಅಂತ ಸಲಹೆ ಕೊಡುವವರು ತುಂಬಾ ಜನ. ಕ್ಲೌಡ್ ಅಂದರೆ ಇಂಟರ್ನೆಟ್ ಮೂಲಕ ಬಾಡಿಗೆಗೆ ಸಿಗುವ ಕಂಪ್ಯೂಟರ್‌ಗಳು. ಎಲ್ಲಿಂದ ಶುರು ಮಾಡಬೇಕು, ಯಾವುದಕ್ಕೆ ದುಡ್ಡು ಕೊಡಬೇಕು, ಯಾವುದಕ್ಕೆ ಕೊಡುವುದೇ ಬೇಡ ಅಂತ ಹೇಳುವವರು ಕಡಿಮೆ. ಮಂಗಳೂರು, ಉಡುಪಿ, ಮಣಿಪಾಲದಲ್ಲಿ ನಾಲ್ಕೈದು ಜನ ಸೇರಿ ಆ್ಯಪ್ ಮಾಡುವ ಸಣ್ಣ ತಂಡಗಳಿಗೆ, ಫೈನಲ್ ಇಯರ್ ಪ್ರಾಜೆಕ್ಟ್‌ನಲ್ಲಿ ಮುಳುಗಿರುವವರಿಗೆ ಈ ಲೇಖನ. ದೊಡ್ಡ ಕಂಪನಿಯಲ್ಲಿದ್ದರೆ ಇದನ್ನೆಲ್ಲ ನೋಡಿಕೊಳ್ಳಲು ಬೇರೆ ಟೀಮೇ ಇರುತ್ತದೆ ಬಿಡಿ.

ಉದಾಹರಣೆಗೆ ನಮ್ಮೂರಿನದೇ ಒಂದು ಕೆಲಸ ಹಿಡಿಯೋಣ. ಪಿಗ್ಮಿ ಶುರುವಾದದ್ದು ಉಡುಪಿಯಲ್ಲಿ, 1928ರಲ್ಲಿ. ಮುಂದೆ ಸಿಂಡಿಕೇಟ್ ಬ್ಯಾಂಕ್ ಅಂತ ಹೆಸರಾದ ಸಂಸ್ಥೆ ಮನೆ ಬಾಗಿಲಿಗೆ ಏಜೆಂಟರನ್ನು ಕಳಿಸಿ ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಸಂಗ್ರಹಿಸುತ್ತಿತ್ತು. ಆ ಬ್ಯಾಂಕ್ 2020ರಲ್ಲಿ ಕೆನರಾ ಬ್ಯಾಂಕ್ ಜೊತೆ ಸೇರಿಹೋಯಿತು. ಪಿಗ್ಮಿ ಮಾತ್ರ ಸಹಕಾರಿ ಸಂಘಗಳಲ್ಲಿ ಇನ್ನೂ ಓಡುತ್ತಿದೆ. ಈಗ ಏಜೆಂಟರ ಕೈಯಲ್ಲಿ ಪುಸ್ತಕದ ಬದಲು ಫೋನು, ಸೊಂಟದಲ್ಲಿ ಸಣ್ಣ ಬ್ಲೂಟೂತ್ ಪ್ರಿಂಟರ್.

ಅಂಥದ್ದೊಂದು ಆ್ಯಪ್ ನೀವು ಮಾಡಿದ್ದೀರಿ ಅಂದುಕೊಳ್ಳಿ. ಒಂದು ಸಂಘ, 300 ಏಜೆಂಟರು. ಫೋನಿನಲ್ಲಿ ಆಂಡ್ರಾಯ್ಡ್ ಆ್ಯಪ್, ಹಿಂದೆ ಒಂದು ಸರ್ವರ್, ಆಫೀಸಿನವರಿಗೆ ಒಂದು ವೆಬ್ ಪುಟ. ಸಂಘವೂ ಸಂಖ್ಯೆಯೂ ಲೆಕ್ಕಕ್ಕಾಗಿ ಇಟ್ಟುಕೊಂಡದ್ದು.

ಮೊದಲು ಹಾಳೆ, ಆಮೇಲೆ ಕ್ಲೌಡ್

ಯಾವ ಕಂಪನಿಯ ಕ್ಲೌಡ್ ಅಂತ ನೋಡುವ ಮೊದಲು, ಈ ಆ್ಯಪ್ ಎಲ್ಲೆಲ್ಲಿ ಕೈಕೊಡಬಹುದು ಅಂತ ಒಂದು ಹಾಳೆಯಲ್ಲಿ ಬರೆಯಿರಿ. ಆಫೀಸಿನಲ್ಲಿ ಕೂತು ಬರೆದರೆ ಸಾಲದು. ಒಬ್ಬ ಏಜೆಂಟರ ಹಿಂದೆ ಒಂದು ದಿನ ಸುತ್ತಿ ಬನ್ನಿ. ನಿಮಗೆ ಸಿಗುವ ಸಾಲುಗಳು ಹೀಗಿರುತ್ತವೆ:

- ಬಂದರಿನ ದಕ್ಕೆಯಲ್ಲಿ ಬೆಳಗಿನ ಜಾವವೇ ಮೀನಿನ ವ್ಯಾಪಾರ. ಏಜೆಂಟ್ ಐದು ಗಂಟೆಗೇ ಅಲ್ಲಿರುತ್ತಾರೆ.
- ಬೆಳ್ತಂಗಡಿ, ಸುಳ್ಯದ ಒಳ ಊರುಗಳಲ್ಲಿ ಸಿಗ್ನಲ್ ಬಂತು ಅನ್ನುವಷ್ಟರಲ್ಲಿ ಹೋಗಿರುತ್ತದೆ.
- ಫೋನು ಹಳೆಯದು, ಮೆಮೊರಿ ತುಂಬಿದೆ, ಸ್ಕ್ರೀನ್ ಒಡೆದಿದೆ.
- ಸಂಜೆ ಐದರಿಂದ ಆರರೊಳಗೆ ಎಲ್ಲರೂ ಒಟ್ಟಿಗೆ ಲೆಕ್ಕ ಕಳಿಸುತ್ತಾರೆ.
- ಗ್ರಾಹಕರ ಹೆಸರು ಕನ್ನಡದಲ್ಲಿದೆ, ಹುಡುಕಿದರೆ ಸಿಗುವುದಿಲ್ಲ.
- ರಸೀದಿ ಅರ್ಧ ಬಂದು ನಿಲ್ಲುತ್ತದೆ.

ಈಗ ಪ್ರತಿ ಸಾಲಿನ ಎದುರು ಒಂದೇ ಪ್ರಶ್ನೆ ಕೇಳಿ: ಇದನ್ನು ನನ್ನ ಮೇಜಿನ ಮೇಲೆ ಟೆಸ್ಟ್ ಮಾಡಬಹುದಾ? ಬಡ್ಡಿ ಲೆಕ್ಕ, ಕಮಿಷನ್ ಲೆಕ್ಕ, ಪಾಸ್‌ವರ್ಡ್ ನಿಯಮ ಇವಕ್ಕೆಲ್ಲ ಲ್ಯಾಪ್‌ಟಾಪ್ ಸಾಕು, ಕ್ಲೌಡ್ ಬೇಡವೇ ಬೇಡ. ಹತ್ತಾರು ಬಗೆಯ ಫೋನು, ಸಂಜೆಯ ನೂಕುನುಗ್ಗಲು, ರಾತ್ರಿಯಿಡೀ ಓಡುವ ಟೆಸ್ಟ್‌ಗಳು ಇವಕ್ಕೆ ಕ್ಲೌಡ್ ಬೇಕು. ಪ್ರಿಂಟರ್ ಎರಡಕ್ಕೂ ಸೇರದು, ಅದರ ಮಾತು ಕೊನೆಗೆ. ಈ ಹಾಳೆ ಇಲ್ಲದೆ ಅಕೌಂಟ್ ತೆರೆದವರು ಬೇಕಾದ್ದು ಬೇಡದ್ದು ಎಲ್ಲವನ್ನೂ ಆನ್ ಮಾಡಿ, ತಿಂಗಳ ಕೊನೆಗೆ ಬಿಲ್ ನೋಡಿ "ಕ್ಲೌಡ್ ನಮಗಲ್ಲ ಮಾರಾಯ್ರೇ" ಅಂತ ಬಿಟ್ಟುಬಿಡುತ್ತಾರೆ.

ಅಕೌಂಟ್ ತೆರೆದ ದಿನವೇ ಬಿಲ್‌ಗೆ ಬೇಲಿ

ಅಮೆಜಾನ್‌ನ ಎಡಬ್ಲ್ಯುಎಸ್, ಮೈಕ್ರೋಸಾಫ್ಟ್‌ನ ಅಜೂರ್, ಗೂಗಲ್ ಕ್ಲೌಡ್. ಸಣ್ಣ ತಂಡಕ್ಕೆ ಮೂರರಲ್ಲಿ ಯಾವುದಾದರೂ ಆದೀತು. ತಂಡದಲ್ಲಿ ಯಾರಿಗೆ ಯಾವುದು ಗೊತ್ತೋ ಅದನ್ನೇ ಹಿಡಿಯಿರಿ. ಎರಡು ಮೂರು ಕ್ಲೌಡ್ ಒಟ್ಟಿಗೆ ಬಳಸುವುದೆಲ್ಲ ನಮ್ಮಂಥವರಿಗೆ ಸುಮ್ನೆ ತಲೆನೋವು. ಹೊಸಬರಿಗೆ ಗೂಗಲ್ 90 ದಿನಕ್ಕೆ 300 ಡಾಲರ್ ಕ್ರೆಡಿಟ್ ಕೊಡುತ್ತದೆ, ಅಜೂರ್ 30 ದಿನಕ್ಕೆ 200 ಡಾಲರ್. ವಿದ್ಯಾರ್ಥಿಗಳಿಗೆ ಅಜೂರ್‌ನಲ್ಲಿ ಕ್ರೆಡಿಟ್ ಕಾರ್ಡ್ ಇಲ್ಲದೆಯೇ 100 ಡಾಲರ್ ಸಿಗುತ್ತದೆ, ಕಾಲೇಜಿನ ಇಮೇಲ್ ಇದ್ದರಾಯಿತು. ಈ ಆಫರ್‌ಗಳು ಆಗಾಗ ಬದಲಾಗುತ್ತವೆ, ಸೇರುವ ದಿನ ಅವರ ಪುಟದಲ್ಲಿ ಒಮ್ಮೆ ನೋಡಿ.

ರೀಜನ್ (ಡೇಟಾ ಸೆಂಟರ್ ಇರುವ ಜಾಗ) ಕೇಳಿದಾಗ ಭಾರತದ್ದನ್ನೇ ಆರಿಸಿ. ಎಡಬ್ಲ್ಯುಎಸ್ 2016ರಿಂದ, ಗೂಗಲ್ 2017ರಿಂದ ಮುಂಬೈನಲ್ಲಿವೆ. ಅಜೂರ್‌ಗೆ ಪುಣೆ, ಚೆನ್ನೈ ಎರಡೂ ಇವೆ. ಅಮೆರಿಕದ ರೀಜನ್ ಕೆಲವೊಮ್ಮೆ ಸ್ವಲ್ಪ ಅಗ್ಗ. ಆದರೆ ಪ್ರತಿ ಕರೆಗೂ ಸಮುದ್ರ ದಾಟಿ ಹೋಗಿಬರುವ ಸಮಯ ಸೇರಿಕೊಂಡು ನಿಮ್ಮ ವೇಗದ ಲೆಕ್ಕವೆಲ್ಲ ಹಾಳಾಗುತ್ತದೆ.

ಅಕೌಂಟ್ ತೆರೆದ ಕೂಡಲೇ ಎರಡು ಹಂತದ ಲಾಗಿನ್ ಹಾಕಿ. ಅದರ ಬೆನ್ನಿಗೇ ಬಜೆಟ್ ಅಲರ್ಟ್ ಇಡಿ. ತಿಂಗಳಿಗೆ 2,000 ರೂಪಾಯಿ ಮಿತಿ ಅಂದರೆ 500, 1,000, 1,500ಕ್ಕೆ ಒಂದೊಂದು ಮೇಲ್ ಬರುವ ಹಾಗೆ. ಇಲ್ಲಿ ಹಲವರಿಗೆ ಗೊತ್ತಿಲ್ಲದ ಸಂಗತಿ ಒಂದಿದೆ. ಅಲರ್ಟ್ ಅಂದರೆ ಬರೀ ಮೇಲ್. ನೀವಾಗಿ ಬೇರೆ ಏರ್ಪಾಡು ಮಾಡದಿದ್ದರೆ ಅದು ಮೆಷಿನ್ ನಿಲ್ಲಿಸುವುದಿಲ್ಲ. ಬಿಲ್ ಲೆಕ್ಕವೂ ಕೆಲವು ಗಂಟೆ ತಡವಾಗಿಯೇ ಬರುತ್ತದೆ. ತೋರಿಸಿದ ದರದ ಮೇಲೆ 18% ಜಿಎಸ್‌ಟಿಯನ್ನೂ ಸೇರಿಸಿಕೊಳ್ಳಿ.

ಮದುವೆಗೆ ತಂದ ಶಾಮಿಯಾನವನ್ನು ಅಂಗಳದಲ್ಲೇ ಬಿಟ್ಟರೆ ಬಾಡಿಗೆ ಏರುತ್ತಲೇ ಇರುತ್ತದೆ ಅಲ್ವಾ? ಕ್ಲೌಡ್ ಮೆಷಿನ್ ಕೂಡ ಹಾಗೇ. ಅದರಲ್ಲೂ ಎಡಬ್ಲ್ಯುಎಸ್‌ನಲ್ಲಿ ಮೆಷಿನ್ ನಿಲ್ಲಿಸಿದ ಮಾತ್ರಕ್ಕೆ ಎಲ್ಲ ನಿಲ್ಲುವುದಿಲ್ಲ. ಅದಕ್ಕೆ ಅಂಟಿದ ಡಿಸ್ಕ್‌ನ ಬಾಡಿಗೆ ಓಡುತ್ತದೆ. ನೀವು ಕಾಯ್ದಿರಿಸಿದ ಐಪಿ ವಿಳಾಸಕ್ಕೂ ಗಂಟೆ ಲೆಕ್ಕದಲ್ಲಿ ಚಾರ್ಜ್ ಇದೆ. ಟೆಸ್ಟ್ ಮುಗಿದ ಮೇಲೆ ನಿಲ್ಲಿಸಬೇಡಿ, ಅಳಿಸಿಬಿಡಿ.

ಪಾಸ್‌ವರ್ಡ್, ಆಕ್ಸೆಸ್ ಕೀ (ಪ್ರೋಗ್ರಾಂಗಳು ಕ್ಲೌಡ್ ಅಕೌಂಟ್‌ನೊಳಗೆ ಹೋಗಲು ಬಳಸುವ ಗುಟ್ಟಿನ ಸಂಕೇತ) ಇವನ್ನು ಕೋಡ್‌ನೊಳಗೆ ಬರೆದು, ಕೋಡ್ ಇಡುವ ತಾಣವಾದ ಗಿಟ್‌ಹಬ್‌ಗೆ ಹಾಕಬೇಡಿ. ಬಯಲಾದ ಕೀಗಳನ್ನು ಹುಡುಕಲೆಂದೇ ಪ್ರೋಗ್ರಾಂಗಳು ಓಡುತ್ತಿರುತ್ತವೆ. ನಿಮ್ಮ ಹೆಸರಿನಲ್ಲಿ ಬೇರೆ ಯಾರೋ ಕ್ರಿಪ್ಟೋ ಮೈನಿಂಗ್ ಮಾಡುತ್ತಾರೆ, ಬಿಲ್ ನಿಮಗೆ ಬರುತ್ತದೆ.

ಟೆಸ್ಟ್‌ಗೆ ಅಂತಲೇ ಬೇರೆ ಸರ್ವರ್

ಓಡುತ್ತಿರುವ ಸರ್ವರ್ ಮೇಲೆ ಟೆಸ್ಟ್ ಮಾಡಬಾರದು. ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದೇ ಡೇಟಾಬೇಸ್, ಅದೇ ವರ್ಷನ್, ಅದೇ ಸೆಟ್ಟಿಂಗ್ ಇರುವ ಸಣ್ಣ ಪ್ರತಿಯೊಂದನ್ನು ಎಬ್ಬಿಸಿ. ಕೈಯಲ್ಲಿ ಕ್ಲಿಕ್ ಮಾಡುತ್ತಾ ಎಬ್ಬಿಸಬೇಡಿ. ಸರ್ವರ್‌ನ ಒಳಗಿನದನ್ನು ಡಾಕರ್‌ನಲ್ಲಿ (ಪ್ರೋಗ್ರಾಂ, ಅದಕ್ಕೆ ಬೇಕಾದ್ದೆಲ್ಲ ಸೇರಿಸಿ ಒಂದೇ ಪೊಟ್ಟಣ ಮಾಡುವ ಸಾಧನ) ಕಟ್ಟಿ, ಮೆಷಿನ್, ಡಿಸ್ಕ್, ನೆಟ್‌ವರ್ಕ್ ಇವನ್ನು ಟೆರಾಫಾರ್ಮ್ (ಬರೆದಿಟ್ಟ ಪಟ್ಟಿಯಂತೆ ಕ್ಲೌಡ್‌ನಲ್ಲಿ ಎಲ್ಲವನ್ನೂ ಎಬ್ಬಿಸುವ ಸಾಧನ) ಫೈಲಿನಲ್ಲಿ ಬರೆದಿಡಿ. ಒಂದು ಕಮಾಂಡ್‌ಗೆ ಎದ್ದು ನಿಲ್ಲಬೇಕು, ಇನ್ನೊಂದಕ್ಕೆ ಪೂರ್ತಿ ಅಳಿಯಬೇಕು. ಶುರುವಿಗೆ ಎರಡು ದಿನ ಜಾಸ್ತಿ ಹಿಡಿಯುತ್ತದೆ. ಆದರೆ "ಅಳಿಸಿದರೆ ಮತ್ತೆ ಮಾಡಲು ಎಷ್ಟು ಹೊತ್ತೋ" ಅಂತ ಮೆಷಿನ್ ಹಾಗೇ ಬಿಡುವ ಚಾಳಿ ತಪ್ಪುತ್ತದೆ.

ಸರ್ವರ್ ಎದ್ದ ಮೇಲೆ ಮೊದಲು ಗಡಿಯಾರ ನೋಡಿ. ಕ್ಲೌಡ್ ಮೆಷಿನ್‌ಗಳು ಸಾಮಾನ್ಯವಾಗಿ ಯುಟಿಸಿ ಅನ್ನುವ ಜಾಗತಿಕ ಪ್ರಮಾಣ ಸಮಯದಲ್ಲಿ ಓಡುತ್ತವೆ, ಅಂದರೆ ನಮಗಿಂತ ಐದೂವರೆ ಗಂಟೆ ಹಿಂದೆ. ಈಗ ದಕ್ಕೆಯ ಏಜೆಂಟರನ್ನು ನೆನಪಿಸಿಕೊಳ್ಳಿ. 12ನೇ ತಾರೀಕು ಬೆಳಗ್ಗೆ ಐದಕ್ಕೆ ಅವರು 200 ರೂಪಾಯಿ ಜಮೆ ಮಾಡುತ್ತಾರೆ. ಸರ್ವರ್ ಗಡಿಯಾರದಲ್ಲಿ ಆಗ 11ನೇ ತಾರೀಕು ರಾತ್ರಿ ಹನ್ನೊಂದೂವರೆ. ಕೋಡ್‌ನಲ್ಲಿ "ಇವತ್ತಿನ ದಿನಾಂಕ" ಅಂತಷ್ಟೇ ಬರೆದಿದ್ದರೆ ಆ ಹಣ ನಿನ್ನೆಯ ಲೆಕ್ಕಕ್ಕೆ ಬೀಳುತ್ತದೆ. ನಿನ್ನೆಯ ಲೆಕ್ಕ ಆಫೀಸಿನಲ್ಲಿ ಆಗಲೇ ಮುಗಿದಿದೆ. ಸಂಜೆ ಏಜೆಂಟರ ಕೈಯಲ್ಲಿರುವ ನಗದಿಗೂ ಪಟ್ಟಿಗೂ ತಾಳೆಯಾಗುವುದಿಲ್ಲ. ನಿಮ್ಮ ಲ್ಯಾಪ್‌ಟಾಪ್ ಭಾರತದ ಸಮಯದಲ್ಲಿರುವುದರಿಂದ ಈ ಬಗ್ ಮೇಜಿನ ಮೇಲೆ ಕಾಣಿಸುವುದೇ ಇಲ್ಲ.

ಟೆಸ್ಟ್ ಹೀಗೆ ಬರೆಯಿರಿ: ಭಾರತದ ಸಮಯ ರಾತ್ರಿ 12:01, ಬೆಳಗ್ಗೆ 5:29, ಬೆಳಗ್ಗೆ 5:31 ಈ ಮೂರು ಹೊತ್ತಿನಲ್ಲಿ ಒಂದೊಂದು ಜಮೆ. ಮೂರೂ ಒಂದೇ ತಾರೀಕಿಗೆ ಬೀಳಬೇಕು. ತಿಂಗಳ ಕೊನೆಯ ದಿನಕ್ಕೂ, ಮಾರ್ಚ್ 31ಕ್ಕೂ ಇದನ್ನೇ ಮಾಡಿ. ಸಮಯವನ್ನು ಯುಟಿಸಿಯಲ್ಲೇ ಉಳಿಸಿ, ಲೆಕ್ಕದ ತಾರೀಕನ್ನು ಮಾತ್ರ ಭಾರತದ ಸಮಯಕ್ಕೆ ತಿರುಗಿಸಿ ತೆಗೆಯುವುದು ಸರಿಯಾದ ದಾರಿ.

ಸುಳ್ಳು ಗ್ರಾಹಕರು, ನಿಜವಾದ ಹೆಸರುಗಳಂತೆ

ಸಂಘದ ಅಸಲಿ ಡೇಟಾಬೇಸ್ ಕಾಪಿ ಮಾಡಿ ಟೆಸ್ಟ್ ಸರ್ವರ್‌ಗೆ ಹಾಕುವುದು ಎಲ್ಲಕ್ಕಿಂತ ಸುಲಭ, ಎಲ್ಲಕ್ಕಿಂತ ಕೆಟ್ಟ ಅಭ್ಯಾಸ ಕೂಡ. ಹೆಸರು, ಫೋನ್ ನಂಬರ್, ಉಳಿತಾಯದ ಮೊತ್ತ ಎಲ್ಲ ಅದರಲ್ಲಿರುತ್ತದೆ. ಟೆಸ್ಟ್ ಸರ್ವರ್‌ಗೆ ಕಾವಲು ಯಾವಾಗಲೂ ಸಡಿಲ. ವೈಯಕ್ತಿಕ ಮಾಹಿತಿ ರಕ್ಷಣೆಗೆ ಅಂತ 2023ರಲ್ಲಿ ಕಾಯ್ದೆಯೇ ಬಂದಿದೆ. ಹಾಗಾಗಿ ಡೇಟಾ ನೀವೇ ಸೃಷ್ಟಿಸಿ.

ಸೃಷ್ಟಿಸುವಾಗ "ಟೆಸ್ಟ್1, ಟೆಸ್ಟ್2" ಅಂತ ಇಟ್ಟರೆ ಏನೂ ಪ್ರಯೋಜನವಿಲ್ಲ. ನಮ್ಮ ಜಿಲ್ಲೆಗಳ ಹೆಸರುಗಳ ತರಾವರಿಯೇ ಒಳ್ಳೆಯ ಟೆಸ್ಟ್. ಇನಿಶಿಯಲ್ ಮಾತ್ರ ಇರುವವರು, ಸರ್‌ನೇಮ್ ಇಲ್ಲದವರು, ಬಂಗೇರ, ಶೆಣೈ, ಡಿಸೋಜ, ಬ್ಯಾರಿ ಹೆಸರುಗಳು, ಮನೆ ಹೆಸರೂ ಸೇರಿ ಮೂವತ್ತು ನಲವತ್ತು ಅಕ್ಷರ ದಾಟುವವರು. "ಅಂಗಡಿ ಎದುರು, ಬಸ್‌ಸ್ಟ್ಯಾಂಡ್ ಹಿಂದೆ" ಅಂತಷ್ಟೇ ಇರುವ ವಿಳಾಸಗಳು.

ಕನ್ನಡ ಹೆಸರಲ್ಲಿ ಎರಡು ಗುಪ್ತ ತೊಂದರೆಗಳಿವೆ. "ಸ್ಟೋರ್ಸ್" ಅಂತ ಟೈಪ್ ಮಾಡಿದಾಗ ಕೆಲವು ಕೀಬೋರ್ಡ್‌ಗಳು ಕೊನೆಗೆ ಕಣ್ಣಿಗೆ ಕಾಣದ ಒಂದು ಅಕ್ಷರ ಸೇರಿಸುತ್ತವೆ. ಒತ್ತಕ್ಷರ ಆಗದಂತೆ ತಡೆಯುವ ಶೂನ್ಯ ಅಗಲದ ಚಿಹ್ನೆ ಅದು. ನೋಡಲು ಎರಡೂ ಒಂದೇ. ಡೇಟಾಬೇಸ್‌ಗೆ ಮಾತ್ರ ಬೇರೆ ಬೇರೆ. ಆಫೀಸಿನಲ್ಲಿ ಸೇರಿಸಿದ ಖಾತೆ ಏಜೆಂಟರ ಫೋನಿನಲ್ಲಿ ಹುಡುಕಿದರೆ ಸಿಗದಿರುವುದು ಹೀಗೆ. ಎರಡನೆಯದು, "ಡಿಸೋಜ"ದ ಸೋ. ಯುನಿಕೋಡ್‌ನಲ್ಲಿ ಆ ದೀರ್ಘ ಓ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ತುಂಡು ತುಂಡಾಗಿ ಜೋಡಿಸಿಯೂ ಬರೆಯಬಹುದು. ಉಳಿಸುವಾಗಲೂ ಹುಡುಕುವಾಗಲೂ ಎಲ್ಲವನ್ನೂ ಎನ್‌ಎಫ್‌ಸಿ ರೂಪಕ್ಕೆ (ತುಂಡುಗಳನ್ನು ಒಂದೇ ಸಂಕೇತವಾಗಿ ಕೂಡಿಸುವ ಯುನಿಕೋಡ್ ಪದ್ಧತಿ) ತಂದು, ಹುಡುಕಾಟಕ್ಕೆ ಮಾತ್ರ ಆ ಕಾಣದ ಚಿಹ್ನೆ ತೆಗೆದುಬಿಟ್ಟರೆ ಎರಡೂ ಸರಿಹೋಗುತ್ತವೆ. ನಿಮ್ಮ ಸುಳ್ಳು ಡೇಟಾದಲ್ಲಿ ಇಂಥ ಜೋಡಿ ಹೆಸರುಗಳನ್ನು ಬೇಕೆಂದೇ ಹಾಕಿಡಿ.

ಎಸ್‌ಎಂಎಸ್ ಉದ್ದವನ್ನೂ ಇಲ್ಲೇ ನೋಡಿಬಿಡಿ. ಇಂಗ್ಲಿಷ್‌ನಲ್ಲಿ ಒಂದು ಮೆಸೇಜ್‌ಗೆ 160 ಅಕ್ಷರ. ಕನ್ನಡಕ್ಕೆ 70 ಮಾತ್ರ, ಅದರಲ್ಲೂ ಗುಣಿತದ ಚಿಹ್ನೆ, ವಿರಾಮ, ಒತ್ತು ಎಲ್ಲಕ್ಕೂ ಬೇರೆ ಬೇರೆ ಲೆಕ್ಕ. "ಪಿಗ್ಮಿ" ಕಣ್ಣಿಗೆ ಎರಡೇ ಅಕ್ಷರ, ಎಣಿಕೆಯಲ್ಲಿ ಆರು. "ನಿಮ್ಮ ಪಿಗ್ಮಿ ಖಾತೆಗೆ ರೂ. 200 ಜಮಾ ಆಗಿದೆ." ಅಂದರೆ 38 ಮುಗಿಯಿತು. ಉಳಿದ 32ರಲ್ಲಿ ಖಾತೆ ಸಂಖ್ಯೆ, ತಾರೀಕು, ಸಂಘದ ಹೆಸರು ಹಿಡಿಯಬೇಕು. 70 ದಾಟಿದರೆ ಮೆಸೇಜ್ 67ರ ತುಂಡುಗಳಾಗಿ ಒಡೆಯುತ್ತದೆ, ತುಂಡಿಗೊಂದು ಚಾರ್ಜ್.

ಬಾಡಿಗೆ ಫೋನುಗಳು

ಮಾರುಕಟ್ಟೆಯ ಎಲ್ಲ ಫೋನು ಕೊಳ್ಳಲಾಗದು. ಬ್ರೌಸರ್‌ಸ್ಟ್ಯಾಕ್, ಎಡಬ್ಲ್ಯುಎಸ್ ಡಿವೈಸ್ ಫಾರ್ಮ್, ಫೈರ್‌ಬೇಸ್ ಟೆಸ್ಟ್ ಲ್ಯಾಬ್ ಇವೆಲ್ಲ ಎಲ್ಲೋ ಒಂದು ಡೇಟಾ ಸೆಂಟರ್‌ನಲ್ಲಿ ಅಸಲಿ ಫೋನುಗಳನ್ನು ಸಾಲಾಗಿ ಇಟ್ಟು, ಇಂಟರ್ನೆಟ್ ಮೂಲಕ ನಮ್ಮ ಕೈಗೆ ಕೊಡುತ್ತವೆ. ಬ್ರೌಸರ್‌ಸ್ಟ್ಯಾಕ್ 2011ರಲ್ಲಿ ಮುಂಬೈಯಲ್ಲಿ ಹುಟ್ಟಿದ ಕಂಪನಿ.

ಯಾವ ಫೋನು ಆರಿಸಬೇಕು? ಹೊಸ, ದುಬಾರಿ ಮಾಡೆಲ್‌ಗಳತ್ತ ಹೋಗಬೇಡಿ. ಪ್ಲೇ ಕನ್ಸೋಲ್‌ನಲ್ಲಿ (ಪ್ಲೇ ಸ್ಟೋರ್‌ಗೆ ಆ್ಯಪ್ ಹಾಕುವವರು ಬಳಸುವ ಪುಟ) ನಿಮ್ಮ ಆ್ಯಪ್ ಯಾವ ಯಾವ ಫೋನಿನಲ್ಲಿದೆ, ಯಾವ ಆಂಡ್ರಾಯ್ಡ್ ವರ್ಷನ್ ಅಂತ ಪಟ್ಟಿ ಸಿಗುತ್ತದೆ. ಆ್ಯಪ್ ಇನ್ನೂ ಹೊರಬಂದಿಲ್ಲದಿದ್ದರೆ ಏಜೆಂಟರ ಮೀಟಿಂಗ್‌ಗೆ ಹೋಗಿ ಬರೆದುಕೊಂಡು ಬನ್ನಿ. ಐದಾರು ಫೋನು ಸಾಕು: ಪಟ್ಟಿಯಲ್ಲಿರುವ ತೀರಾ ಹಳೆಯ ಆಂಡ್ರಾಯ್ಡ್ ಒಂದು, ಎಲ್ಲಕ್ಕಿಂತ ಕಡಿಮೆ ರ‍್ಯಾಮ್‌ನದ್ದು ಒಂದು, ಹೆಚ್ಚು ಜನರ ಕೈಯಲ್ಲಿರುವ ಮೂರು, ತೀರಾ ಹೊಸ ವರ್ಷನ್ ಒಂದು.

ದುಡ್ಡು ಖರ್ಚಾಗದೆ ಶುರು ಮಾಡಬೇಕೆಂದರೆ ಫೈರ್‌ಬೇಸ್‌ನ ರೋಬೊ ಟೆಸ್ಟ್ ಒಳ್ಳೆಯದು. ಸ್ಕ್ರಿಪ್ಟ್ ಬರೆಯಬೇಕಾಗಿಲ್ಲ. ಎಪಿಕೆ (ಆ್ಯಪ್‌ನ ಇನ್‌ಸ್ಟಾಲ್ ಫೈಲ್) ಕೊಟ್ಟರೆ ಅದೇ ಸಿಕ್ಕ ಸಿಕ್ಕ ಬಟನ್ ಒತ್ತುತ್ತಾ ಹೋಗಿ, ಆ್ಯಪ್ ಎಲ್ಲಿ ಬಿತ್ತು ಅಂತ ವಿಡಿಯೋ ಸಮೇತ ತೋರಿಸುತ್ತದೆ. ಅದರ ಉಚಿತ ಪ್ಲಾನ್‌ನಲ್ಲಿ ದಿನಕ್ಕೆ ಎಮ್ಯುಲೇಟರ್ (ಕಂಪ್ಯೂಟರ್‌ನಲ್ಲೇ ಓಡುವ ಸುಳ್ಳು ಫೋನು) ಮೇಲೆ 10, ಅಸಲಿ ಫೋನಿನ ಮೇಲೆ 5 ಟೆಸ್ಟ್ ಓಡಿಸಬಹುದು. ಎಡಬ್ಲ್ಯುಎಸ್ ಡಿವೈಸ್ ಫಾರ್ಮ್‌ನಲ್ಲಿ ಮೊದಲ 1,000 ನಿಮಿಷ ಉಚಿತ, ಆಮೇಲೆ ನಿಮಿಷಕ್ಕೆ 0.17 ಡಾಲರ್. ಐದು ಫೋನು, ತಲಾ 12 ನಿಮಿಷ ಅಂದರೆ ಒಂದು ಸಲಕ್ಕೆ 10 ಡಾಲರ್ ದಾಟಿತು. ಕೋಡ್ ಬದಲಾದಾಗಲೆಲ್ಲ, ದಿನಕ್ಕೆ ಹತ್ತು ಸಲ ಓಡಿಸಿದರೆ? ಆದ್ದರಿಂದ ದಿನದ ಟೆಸ್ಟ್ ಎಮ್ಯುಲೇಟರ್ ಮೇಲೆ, ಅಸಲಿ ಫೋನು ಬಿಡುಗಡೆಗೆ ಮುಂಚೆ ಮಾತ್ರ.

ಬಾಡಿಗೆ ಫೋನುಗಳು ಮಂಗಳೂರಿನಲ್ಲಿಲ್ಲ ಅನ್ನುವುದು ತಲೆಯಲ್ಲಿರಲಿ. ಏಜೆಂಟ್ ತನ್ನ ಏರಿಯಾದಲ್ಲೇ ಇದ್ದಾರಾ ಅಂತ ಆ್ಯಪ್ ಜಿಪಿಎಸ್ ನೋಡುತ್ತಿದ್ದರೆ, ಲೊಕೇಶನ್ ಅನ್ನು 12.87, 74.84 ಅಂತ ಕೈಯಾರೆ ಹಾಕಿ, ಮಂಗಳೂರು ಸಿಗುತ್ತದೆ. ಒಟಿಪಿ ಬರಲು ನಿಮ್ಮ ಸಿಮ್ ಅದರಲ್ಲಿಲ್ಲ. ಫೈರ್‌ಬೇಸ್ ಲಾಗಿನ್ ಬಳಸುವವರು ಟೆಸ್ಟ್ ನಂಬರ್‌ಗೆ ನಿಗದಿತ ಒಟಿಪಿ ಇಟ್ಟುಕೊಳ್ಳಬಹುದು. ಸ್ವಂತ ಒಟಿಪಿ ಇದ್ದರೆ ಟೆಸ್ಟ್ ಸರ್ವರ್‌ನಲ್ಲಿ ಮಾತ್ರ ಅಂಥ ಏರ್ಪಾಡು ಮಾಡಿ. ಅದು ಅಸಲಿ ಸರ್ವರ್‌ಗೆ ಹೋಗಿಲ್ಲ ಅನ್ನುವುದಕ್ಕೂ ಒಂದು ಟೆಸ್ಟ್ ಬರೆಯಿರಿ.

ನೆಟ್‌ವರ್ಕ್ ಕಡಿದು ನೋಡುವುದು

ಹಣದ ಆ್ಯಪ್‌ಗೆ ಇದಕ್ಕಿಂತ ಮುಖ್ಯವಾದ ಟೆಸ್ಟ್ ಇಲ್ಲ ಅಂತ ನನ್ನ ಅಭಿಪ್ರಾಯ. ಬೇರೆಲ್ಲ ಬಿಟ್ಟರೂ ಇದನ್ನು ಬಿಡಬೇಡಿ.

ಏಜೆಂಟ್ "ಜಮೆ" ಒತ್ತುತ್ತಾರೆ. ಸುದ್ದಿ ಸರ್ವರ್‌ಗೆ ತಲುಪಿತು, ಸರ್ವರ್ ಬರೆದುಕೊಂಡಿತು, "ಸರಿ" ಅಂತ ಉತ್ತರ ಕಳಿಸಿತು. ಅಷ್ಟರಲ್ಲಿ ಸಿಗ್ನಲ್ ಹೋಯಿತು. ಫೋನಿನಲ್ಲಿ ಚಕ್ರ ತಿರುಗುತ್ತಾ ಇದೆ. ಅಂಗಡಿಯವರು ಕಾಯುತ್ತಿದ್ದಾರೆ. ಏಜೆಂಟ್ ಮತ್ತೊಮ್ಮೆ ಒತ್ತುತ್ತಾರೆ. ಒಂದೇ 200 ರೂಪಾಯಿ ಎರಡು ಸಲ ಬಿತ್ತು. ಸಂಜೆ ಕೈಯಲ್ಲಿರುವ ನಗದು 200 ಕಮ್ಮಿ, ಅದನ್ನು ಏಜೆಂಟರೇ ಜೇಬಿನಿಂದ ತುಂಬಬೇಕು.

ಫೋನಿನಲ್ಲಿ ಏರ್‌ಪ್ಲೇನ್ ಮೋಡ್ ಹಾಕಿ ನೋಡಿದರೆ ಈ ಬಗ್ ಸಿಗುವುದಿಲ್ಲ. ಏಕೆಂದರೆ ಆಗ ಹೋಗುವ ಸುದ್ದಿಯೂ ನಿಂತುಬಿಡುತ್ತದೆ. ಹೋಗುವುದು ಹೋಗಬೇಕು, ಬರುವುದು ಮಾತ್ರ ನಿಲ್ಲಬೇಕು. ಅದಕ್ಕೆ ಟಾಕ್ಸಿಪ್ರಾಕ್ಸಿ ಅಂತ ಒಂದು ಉಚಿತ ಸಾಧನ ಇದೆ, ಶಾಪಿಫೈ ಕಂಪನಿಯವರು ಮಾಡಿದ್ದು. ಟೆಸ್ಟ್ ಸರ್ವರ್ ಮುಂದೆ ಅದನ್ನು ಕೂರಿಸಿ, ಆ್ಯಪ್ ಅದರ ಮೂಲಕ ಹೋಗುವ ಹಾಗೆ ಮಾಡಿ. ಸರ್ವರ್‌ನಿಂದ ಫೋನಿಗೆ ಬರುವ ದಿಕ್ಕಿಗೆ ಮಾತ್ರ "ಟೈಮ್‌ಔಟ್" ಹಾಕಿ. ಈಗ ಜಮೆ ಒತ್ತಿ, ಚಕ್ರ ತಿರುಗಲಿ, ಮತ್ತೆ ಒತ್ತಿ. ಟೈಮ್‌ಔಟ್ ತೆಗೆದು, ಮೂರನೇ ಸಲ ಒತ್ತಿ.

ನಂತರ ಡೇಟಾಬೇಸ್ ತೆರೆದು ನೋಡಿ. ಒಂದೇ ಸಾಲು ಇರಬೇಕು. ಎರಡಿದ್ದರೆ ಪರಿಹಾರ ಹೀಗೆ: ಏಜೆಂಟ್ ಮೊತ್ತ ಬರೆದ ಕ್ಷಣವೇ ಆ ಜಮೆಗೆ ಫೋನಿನಲ್ಲೇ ಒಂದು ವಿಶಿಷ್ಟ ನಂಬರ್ ಹುಟ್ಟಬೇಕು. ಎಷ್ಟು ಸಲ ಒತ್ತಿದರೂ ಅದೇ ನಂಬರ್ ಹೋಗಬೇಕು. ಅದು ಮೊದಲೇ ಬಂದಿದ್ದರೆ ಸರ್ವರ್ ಹೊಸದಾಗಿ ಬರೆಯದೆ, ಹಳೆಯ ರಸೀದಿಯನ್ನೇ ವಾಪಸ್ ಕೊಡಬೇಕು. ಡೇಟಾಬೇಸ್‌ನಲ್ಲೂ ಆ ನಂಬರ್ ಎರಡು ಸಲ ಬರದಂತೆ ತಡೆ ಹಾಕಿ. ಕೋಡ್‌ನಲ್ಲಿ ಮಾತ್ರ ನೋಡಿಕೊಂಡರೆ ಒಂದೇ ಗಳಿಗೆಯಲ್ಲಿ ಎರಡು ಬಂದಾಗ ಎರಡೂ ಒಳಗೆ ನುಗ್ಗುತ್ತವೆ.

ಇದರ ಜೊತೆಗೆ ಇನ್ನೊಂದು. ಹಳೆಯ ವರ್ಷನ್ ಹಾಕಿ, ನೆಟ್ ಇಲ್ಲದೆ ಹತ್ತು ಜಮೆ ಮಾಡಿ, ಕಳಿಸದೆಯೇ ಹೊಸ ವರ್ಷನ್‌ಗೆ ಅಪ್‌ಡೇಟ್ ಮಾಡಿ. ಹತ್ತೂ ಉಳಿದಿವೆಯಾ ನೋಡಿ. ರಾತ್ರಿ ಪ್ಲೇ ಸ್ಟೋರ್ ತಾನಾಗಿ ಅಪ್‌ಡೇಟ್ ಮಾಡುವ ಫೋನುಗಳಲ್ಲಿ ನಡೆಯುವುದು ಇದೇ.

ಸಂಜೆಯ ನೂಕುನುಗ್ಗಲು

ಲೋಡ್ ಟೆಸ್ಟ್ (ಒಟ್ಟಿಗೆ ಎಷ್ಟು ಜನ ಬಂದರೆ ಸರ್ವರ್ ತಡೆದುಕೊಳ್ಳುತ್ತದೆ ಅನ್ನುವ ಪರೀಕ್ಷೆ) ಅಂದ ಕೂಡಲೇ "ಹತ್ತು ಸಾವಿರ ಯೂಸರ್ ಹಾಕೋಣ" ಅನ್ನುವವರಿದ್ದಾರೆ. ಯಾಕೆ ಹತ್ತು ಸಾವಿರ ಅಂತ ಕೇಳಿದರೆ ಉತ್ತರವಿಲ್ಲ. ಲೆಕ್ಕ ಹಾಕಿ. 300 ಏಜೆಂಟರು, ತಲಾ 80 ಜಮೆ, ಒಟ್ಟು 24,000. ಒಂದು ಗಂಟೆಯಲ್ಲಿ ಸಮನಾಗಿ ಬಂದರೆ ಸೆಕೆಂಡಿಗೆ ಏಳೂ ಇಲ್ಲ. ಆದರೆ ಜನ ಸಮನಾಗಿ ಬರುವುದಿಲ್ಲ. ಅರ್ಧ ಜನ ಕೊನೆಯ ಹತ್ತು ನಿಮಿಷಕ್ಕೆ ಕಳಿಸಿದರೆ 600 ಸೆಕೆಂಡಿಗೆ 12,000, ಸೆಕೆಂಡಿಗೆ 20. ನಿಮ್ಮ ಗುರಿ 20. ಧೈರ್ಯಕ್ಕೆ 40ರವರೆಗೆ ಹೋಗಿ ನೋಡಿ. ಇಷ್ಟಕ್ಕೆ ಸಣ್ಣ ಮೆಷಿನ್ ಒಂದೇ ಸಾಕು.

ಸಾಧನ ಯಾವುದು? ಅಪಾಚೆ ಜೆಮೀಟರ್ ಹಳೆಯದು, ನಂಬಬಹುದು, ಕಾಲೇಜಿನಲ್ಲಿ ಕಲಿಸುವುದೂ ಅದನ್ನೇ. ಪೈಥಾನ್ ಗೊತ್ತಿದ್ದರೆ ಲೋಕಸ್ಟ್, ಜಾವಾಸ್ಕ್ರಿಪ್ಟ್ ಗೊತ್ತಿದ್ದರೆ ಕೆ6. ನನಗೆ ಇಷ್ಟ ಕೆ6, ಏಕೆಂದರೆ ಅದರಲ್ಲಿ "ಸೆಕೆಂಡಿಗೆ ಇಷ್ಟು ಬರಲಿ" ಅಂತ ನೇರವಾಗಿ ಹೇಳಬಹುದು.

ಲೋಡ್ ಕಳಿಸುವ ಮೆಷಿನ್ ಮನೆಯದ್ದಾಗಬಾರದು. ಮನೆಯ ಬ್ರಾಡ್‌ಬ್ಯಾಂಡ್ ಸುಸ್ತಾದದ್ದನ್ನು ಸರ್ವರ್ ಸುಸ್ತಾಯಿತು ಅಂತ ಓದಿಬಿಡುತ್ತೀರಿ. ಅದೇ ರೀಜನ್‌ನಲ್ಲಿ ಇನ್ನೊಂದು ಮೆಷಿನ್ ಎಬ್ಬಿಸಿ ಅಲ್ಲಿಂದ ಕಳಿಸಿ. ಶುರು ಮಾಡುವ ಮೊದಲು ಎಸ್‌ಎಂಎಸ್ ಸಂಪರ್ಕ ಕಡಿದು ಮೆಸೇಜ್ ಕಳಿಸಿದಂತೆ ನಟಿಸುವ ಸುಳ್ಳು ಗೇಟ್‌ವೇ ಹಾಕಿದ್ದೀರಾ ಅಂತ ಎರಡು ಸಲ ನೋಡಿ. ಇಲ್ಲದಿದ್ದರೆ 24,000 ಮೆಸೇಜ್‌ಗಳ ಬಿಲ್ ಕಟ್ಟಬೇಕಾದೀತು.

ಫಲಿತಾಂಶ ಓದುವಾಗ ಸರಾಸರಿಯನ್ನು ನಂಬಬೇಡಿ. 100 ಜಮೆಯಲ್ಲಿ 90ಕ್ಕೆ 0.4 ಸೆಕೆಂಡ್, 10ಕ್ಕೆ 12 ಸೆಕೆಂಡ್ ಹಿಡಿಯಿತು ಅಂದುಕೊಳ್ಳಿ. ಸರಾಸರಿ 1.56 ಸೆಕೆಂಡ್, ಚೆನ್ನಾಗಿಯೇ ಕಾಣುತ್ತದೆ. ಆದರೆ ಹತ್ತರಲ್ಲಿ ಒಬ್ಬರು 12 ಸೆಕೆಂಡ್ ಕಾಯುತ್ತಿದ್ದಾರೆ, ಅವರೇ ಮತ್ತೊಮ್ಮೆ ಬಟನ್ ಒತ್ತುವವರು. 95ನೇ ಪರ್ಸೆಂಟೈಲ್ (ನೂರರಲ್ಲಿ 95 ಜಮೆ ಎಷ್ಟು ಸಮಯದೊಳಗೆ ಮುಗಿದವು ಅನ್ನುವ ಅಂಕಿ) ನೋಡಿ, ಅದು ಎರಡು ಸೆಕೆಂಡ್ ದಾಟಬಾರದು ಅಂತ ಮೊದಲೇ ಬರೆದಿಟ್ಟುಕೊಳ್ಳಿ.

ಐದು ನಿಮಿಷದ ಲೋಡ್ ಟೆಸ್ಟ್ ಮೋಸ ಮಾಡಬಹುದು. ಎಡಬ್ಲ್ಯುಎಸ್‌ನ ಟಿ ಸರಣಿಯ ಅಗ್ಗದ ಮೆಷಿನ್‌ಗಳಲ್ಲಿ ಸಿಪಿಯು ಕ್ರೆಡಿಟ್ ಅಂತ ಒಂದು ಲೆಕ್ಕ ಇದೆ. ಕ್ರೆಡಿಟ್ ಇರುವಷ್ಟು ಹೊತ್ತು ಭರ್ಜರಿ ಓಟ. ಮುಗಿದ ಮೇಲೆ ಸೆಟ್ಟಿಂಗ್ ಹೇಗಿದೆಯೋ ಹಾಗೆ, ವೇಗ ಇಳಿಯುತ್ತದೆ ಅಥವಾ ಹೆಚ್ಚುವರಿ ಬಿಲ್ ಬರುತ್ತದೆ. ಪೂರ್ತಿ ಒಂದು ಗಂಟೆ ಓಡಿಸಿ. ಸಿಪಿಯು ಆರಾಮಾಗಿದ್ದೂ ಆ್ಯಪ್ ನಿಧಾನವಾದರೆ ಡೇಟಾಬೇಸ್ ಕನೆಕ್ಷನ್‌ಗಳ ಸಂಖ್ಯೆ ನೋಡಿ, ಹೆಚ್ಚಾಗಿ ಅದೇ ಮೊದಲು ತುಂಬಿರುತ್ತದೆ.

ನಿಮ್ಮದಲ್ಲದ ಸರ್ವರ್ ಮೇಲೆ ಲೋಡ್ ಟೆಸ್ಟಾಗಲಿ ಸೆಕ್ಯೂರಿಟಿ ಟೆಸ್ಟಾಗಲಿ ಮಾಡಬೇಡಿ. ನಿಮ್ಮದರ ಮೇಲೆ ಮಾಡುವಾಗಲೂ ಕ್ಲೌಡ್ ಕಂಪನಿಯ ನಿಯಮ ಓದಿಕೊಳ್ಳಿ.

ರಾತ್ರಿ ತಾನಾಗಿ ಓಡಲಿ

ಟೆಸ್ಟ್‌ಗಳು ಬರೆದಾದ ಮೇಲೆ ಅವನ್ನು ಹೇಳಿದ ಹೊತ್ತಿಗೆ ತಾನಾಗಿ ಓಡಿಸುವ ಗಿಟ್‌ಹಬ್ ಆ್ಯಕ್ಷನ್ಸ್‌ಗೆ ಒಪ್ಪಿಸಿ. ಉಚಿತ ಪ್ಲಾನ್‌ನಲ್ಲಿ ಖಾಸಗಿ ಪ್ರಾಜೆಕ್ಟ್‌ಗೆ ತಿಂಗಳಿಗೆ 2,000 ನಿಮಿಷ ಸಿಗುತ್ತದೆ. ಜೂನ್, ಜುಲೈಯಲ್ಲಿ ಲೈನ್ ಮೇಲೆ ಮರ ಬಿದ್ದು ಊರಿಗೆ ಊರೇ ಕತ್ತಲಾದರೂ ಟೆಸ್ಟ್ ನಿಲ್ಲುವುದಿಲ್ಲ, ಬೆಳಗ್ಗೆ ರಿಪೋರ್ಟ್ ಮೇಲ್‌ನಲ್ಲಿರುತ್ತದೆ. ವೇಳಾಪಟ್ಟಿ ಬರೆಯುವಾಗ ಮತ್ತೆ ಯುಟಿಸಿಯ ಕಾಟ. ರಾತ್ರಿ ಒಂದಕ್ಕೆ ಓಡಬೇಕೆಂದರೆ 19:30 ಅಂತ ಹಾಕಬೇಕು.

ಆಫೀಸಿನ ವೆಬ್ ಪುಟಕ್ಕೆ ಪ್ಲೇರೈಟ್ ಅಥವಾ ಸೆಲೆನಿಯಂ (ಬ್ರೌಸರನ್ನು ತಾವೇ ಓಡಿಸಿ ಟೆಸ್ಟ್ ಮಾಡುವ ಸಾಧನಗಳು) ಸಾಕು. ಇಲ್ಲೊಂದು ಕನ್ನಡದ್ದೇ ಸಮಸ್ಯೆ. ಕ್ಲೌಡ್‌ನ ಬರಿಯ ಲಿನಕ್ಸ್ ಮೆಷಿನ್‌ನಲ್ಲಿ ಕನ್ನಡ ಫಾಂಟ್ ಇಲ್ಲದಿರುವುದೇ ಹೆಚ್ಚು. ಸ್ಕ್ರೀನ್‌ಶಾಟ್ ತೆಗೆದರೆ ಅಕ್ಷರದ ಜಾಗದಲ್ಲಿ ಖಾಲಿ ಚೌಕಗಳ ಸಾಲು. ಮೊದಲ ದಿನದ ಚಿತ್ರದ ಜೊತೆ ಹೋಲಿಸುವ ಟೆಸ್ಟ್ ಆದರೆ ಇನ್ನೂ ತಮಾಷೆ: ಮೊದಲ ದಿನವೂ ಚೌಕ, ಇವತ್ತೂ ಚೌಕ, ಟೆಸ್ಟ್ ಪಾಸ್! ನೋಟೊ ಸಾನ್ಸ್ ಕನ್ನಡ ಫಾಂಟನ್ನು ಆ ಮೆಷಿನ್‌ಗೆ ಹಾಕಿ, ಮೊದಲ ಚಿತ್ರವನ್ನು ಕಣ್ಣಾರೆ ನೋಡಿಯೇ ಒಪ್ಪಿಕೊಳ್ಳಿ. "ಕ್ಷೇ", "ಸ್ತ್ರೀ", "ರ್ಯ" ಇಂಥವು ಸರಿಯಾಗಿ ಕೂತಿವೆಯಾ ಅಂತಲೂ.

ಒಂದೊಂದು ನಿಮಿಷದ 120 ಟೆಸ್ಟ್ ಇದ್ದರೆ ಎರಡು ಗಂಟೆ. ಆರು ಮೆಷಿನ್‌ಗೆ ಹಂಚಿದರೆ ಇಪ್ಪತ್ತು ನಿಮಿಷ, ಆದರೂ ಉಚಿತ ನಿಮಿಷಗಳಿಂದ ಕಳೆಯುವುದು 120ನ್ನೇ. ಹಂಚುವಾಗ ಎರಡು ಟೆಸ್ಟ್ ಒಂದೇ ಖಾತೆ ಮುಟ್ಟಿದರೆ ಒಮ್ಮೆ ಪಾಸ್, ಒಮ್ಮೆ ಫೇಲ್ ಅಂತ ಆಟ ಶುರು. ಪ್ರತಿ ಟೆಸ್ಟ್ ತನ್ನ ಖಾತೆ ತಾನೇ ತೆರೆದುಕೊಳ್ಳಲಿ. ಹೀಗೆ ಒಮ್ಮೊಮ್ಮೆ ಫೇಲ್ ಆಗುವುದನ್ನು "ಮತ್ತೆ ಓಡಿಸಿದರೆ ಸರಿಹೋಗುತ್ತದೆ" ಅಂತ ಬಿಡಬೇಡಿ. ಎರಡು ಸಲ ಬೀಳುವ ಜಮೆಯ ಬಗ್ ಕೂಡ ಮೊದಲು ಕಾಣಿಸಿಕೊಳ್ಳುವುದು ಹೀಗೇ.

ಕ್ಲೌಡ್‌ಗೆ ಆಗದ್ದು

ಬಾಡಿಗೆ ಫೋನಿನ ಪಕ್ಕ ನಿಮ್ಮ ಬ್ಲೂಟೂತ್ ಪ್ರಿಂಟರ್ ಇರುವುದಿಲ್ಲ. ಪ್ರಿಂಟರ್ ಚಾರ್ಜ್ ಮುಗಿಯುವ ಹೊತ್ತು, ಪೇಪರ್ ಅರ್ಧಕ್ಕೆ ಖಾಲಿಯಾಗುವುದು, ಕನ್ನಡ ಹೆಸರು ರಸೀದಿಯಲ್ಲಿ ಪ್ರಶ್ನಾರ್ಥಕ ಚಿಹ್ನೆಯಾಗುವುದು ಇವನ್ನು ಕೈಯಲ್ಲಿ ಹಿಡಿದೇ ನೋಡಬೇಕು. ಏಪ್ರಿಲ್ ಬಿಸಿಲಲ್ಲಿ ಸ್ಕ್ರೀನ್ ಓದಲು ಆಗುತ್ತದಾ, ಮಳೆಗಾಲದಲ್ಲಿ ಪ್ಲಾಸ್ಟಿಕ್ ಕವರ್ ಒಳಗಿಟ್ಟ ಫೋನಿನಲ್ಲಿ ಒದ್ದೆ ಬೆರಳಿಗೆ ಸಣ್ಣ ಬಟನ್ ಸಿಗುತ್ತದಾ ಅನ್ನುವುದೂ ಅಷ್ಟೇ.

ಇದಕ್ಕೆ ಪ್ಲೇ ಕನ್ಸೋಲ್‌ನ ಇಂಟರ್ನಲ್ ಟೆಸ್ಟಿಂಗ್ ಬಳಸಿ. 100 ಜನರವರೆಗೆ ಇಮೇಲ್ ಸೇರಿಸಿ ಆ್ಯಪ್ ಹಂಚಬಹುದು. ದಕ್ಕೆಯ ಒಬ್ಬರು, ಪೇಟೆಯ ಒಬ್ಬರು, ಘಟ್ಟದ ಬುಡದ ಒಬ್ಬರು ಸಾಕು. ಒಂದು ವಾರ ಹಳೆಯ ಪುಸ್ತಕದಲ್ಲೂ ಬರೆಯಲಿ, ಆ್ಯಪ್‌ನಲ್ಲೂ ಹಾಕಲಿ, ಸಂಜೆ ಎರಡನ್ನೂ ತಾಳೆ ನೋಡಿ. ನಿಮ್ಮದು ಹೊಸದಾಗಿ ತೆರೆದ ವೈಯಕ್ತಿಕ ಡೆವಲಪರ್ ಅಕೌಂಟ್ ಆಗಿದ್ದರೆ, ಆ್ಯಪ್ ಸಾರ್ವಜನಿಕರಿಗೆ ಬಿಡುವ ಮುಂಚೆ ಕ್ಲೋಸ್ಡ್ ಟೆಸ್ಟಿಂಗ್‌ನಲ್ಲಿ (ಆರಿಸಿದವರಿಗೆ ಮಾತ್ರ ಆ್ಯಪ್ ಕೊಡುವ ಹಂತ) ಕನಿಷ್ಠ 12 ಜನ ಸತತ 14 ದಿನ ಇರಲೇಬೇಕು ಅಂತ ಗೂಗಲ್ ನಿಯಮ ಇದೆ. ಬಿಡುಗಡೆಯ ತಾರೀಕನ್ನು ಸಂಘದವರಿಗೆ ಹೇಳುವ ಮೊದಲು ಆ ಎರಡು ವಾರವನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.